ಉಳಿಸು

ಕೆಮ್ಮು ಇಲ್ಲದಿದ್ದರೆ ಬಿಲದಣ್ಣ ಆ ಕಂಪ್ಯೂಟರಿನ ತಂಟೆಗೇ ಹೋಗುತ್ತಿರಲಿಲ್ಲ.

ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ, ಹಳೇ ಕಡತಗಳ ನಡುವೆ, ಅವನು ಹನ್ನೊಂದು ವರ್ಷದಿಂದ ಕೂತಿದ್ದ. ದೊಡ್ಡ ಸಾಹೇಬರು ಮಾತಾಡುವಾಗ ಒಮ್ಮೆ ಆಕಳಿಸಿದ್ದಕ್ಕೆ ಅವರೇ ಕೆಳಗೆ ಕಳಿಸಿದ್ದರು. ಅಲ್ಲಿಗೆ ಬಿಸಿಲು ಬಾರದು. ಗೋಡೆ ಮಾತ್ರ ವರ್ಷವಿಡೀ ಬೆವರುತ್ತದೆ. ಅಲ್ಲಿ ಅಂಟಿದ ಹೆಸರು ಬಿಲದಣ್ಣ, ಅಂಟಿದ ಕಾಯಿಲೆ ಕೆಮ್ಮು. "ಆ ಬಿಲದಿಂದ ಮೇಲೆ ಬರೋವರೆಗೂ ಯಾವ ಔಷಧಿಯೂ ನಾಟಲ್ಲ ರೀ ನಿಮಗೆ," ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

ಈಗ ದೊಡ್ಡ ಸಾಹೇಬರಿಗೆ ನಿವೃತ್ತಿ. ಸಂಜೆ ನಾಲ್ಕಕ್ಕೆ ಬೀಳ್ಕೊಡುಗೆ. ಅವರ ಕುರ್ಚಿಗೆ ಬರಲಿದ್ದ ಚಿಕ್ಕ ಸಾಹೇಬರು ಬೆಳಿಗ್ಗೆಯೇ ಮೆಟ್ಟಿಲಿಳಿದು ಬಂದು, ಮೂಗಿಗೆ ಕರವಸ್ತ್ರ ಹಿಡಿದು ಹೇಳಿದರು: "ನೋಡಪ್ಪಾ, ಎಲ್ಲರ ಹಾರೈಕೆ ಸೇರಿಸಿ ಒಂದು ವಿಡಿಯೋ ಮಾಡು. ಕೆಲಸವಿಲ್ಲದ ಕಂಪ್ಯೂಟರ್ ಇರೋದು ನಿನ್ನ ಹತ್ರ ಮಾತ್ರ. ಚೆನ್ನಾಗಿ ಬಂದ್ರೆ ಸೋಮವಾರದಿಂದ ಮೇಲೆ ಕಿಟಕಿ ಪಕ್ಕದ ಮೇಜು ನಿಂದು."

ಕಿಟಕಿ! ಬಿಲದಣ್ಣನಿಗೆ ಕೆಮ್ಮುವುದೂ ಮರೆತುಹೋಯಿತು.

ಆ ಕಂಪ್ಯೂಟರನ್ನು ಗುಜರಿಗೆ ಹಾಕಬೇಕಿತ್ತು. ಮನೆಮನೆಯ ನೀರಿನ ಮೀಟರ್ ಓದುವ ಮೀಟರಣ್ಣ ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಬದುಕಿಸಿದ್ದ. ಪರದೆಯ ಮೇಲೆ ಅದರ ಗುರುತಿನ ಒಂದು ಪೆಂಗ್ವಿನ್, ಹೊಟ್ಟೆ ತುಂಬಿದವನ ಹಾಗೆ ಕೂತಿತ್ತು.

"ಪುಕ್ಕಟೆ ಕಣಯ್ಯ," ಎಂದ ಮೀಟರಣ್ಣ. "ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. ವಿಡಿಯೋ ಜೋಡಿಸೋದೂ ಪುಕ್ಕಟೆ ಸಿಗುತ್ತೆ. ಅಕ್ಷರ ಎಲ್ಲಾ ಕನ್ನಡದಲ್ಲೇ. ಕತ್ತರಿಸು, ಅಂಟಿಸು, ಉಳಿಸು. ಇನ್ನೇನು ಬೇಕು?"

"ನೀನು ಮಾಡಿದೀಯಾ?"

"ಮಾಡಿಲ್ಲ. ಮಾಡೋರನ್ನ ನೋಡಿದೀನಿ."

ಬಿಲದಣ್ಣ ತನ್ನ ಫೋನ್ ಹಿಡಿದು ಮಹಡಿ ಮಹಡಿ ಅಲೆದ. ಹನ್ನೆರಡು ಜನ ಮಾತಾಡಿದರು. ಟೈಪಿಸ್ಟ್ ಅಕ್ಕ ನಡುವೆ ಸೀನಿದರು. "ಆ ಸೀನು ತೆಗಿ ಮಾರಾಯ, ಮುಖ ಮಾತ್ರ ಇಟ್ಕೋ. ಎಡಗಡೆಯಿಂದ ನಾನು ಚೆನ್ನಾಗಿ ಕಾಣ್ತೀನಿ." ಚಿಕ್ಕ ಸಾಹೇಬರು ಒಂಬತ್ತು ನಿಮಿಷ ಹೊಗಳಿ, "ಇದರಲ್ಲಿ ಒಂದು ಅಕ್ಷರ ಕತ್ತರಿಸಿದ್ರೆ ಕಿಟಕಿ ಮಾತು ಮರೆತುಬಿಡು," ಎಂದರು.

ಫೋನ್ ತುಂಬಿ ಬಿರಿಯುವಂತಾಗಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಸಾಗಿಸಿ ಫೋನನ್ನು ಖಾಲಿ ಮಾಡಿದ.

ಆಮೇಲೆ ಶುರುವಾಯಿತು ನೋಡಿ ಪಾಡು. ಬಿಲದಣ್ಣ ಒಂದು ತುಂಡು ಎಳೆದರೆ ಮೂರು ಹಿಂದೆ ಸರಿಯುತ್ತಿದ್ದವು, ಬಸ್ಸಿನ ಸೀಟಿನಲ್ಲಿ ಒಬ್ಬ ಎದ್ದರೆ ಮಿಕ್ಕವರು ಜರುಗುವ ಹಾಗೆ. ಟೈಪಿಸ್ಟ್ ಅಕ್ಕನ ಮುಖ ಹೋಗಿ ಸೀನು ಉಳಿಯಿತು. ಚಿಕ್ಕ ಸಾಹೇಬರ ಬಾಯಿಂದ ಅಕ್ಕನ ದನಿ ಹೊರಟಿತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಮೂರೂಕಾಲಿಗೆ ಹೇಗೋ ಎಲ್ಲ ಸಾಲಿಗೆ ಬಂದು ನಿಂತವು. ಮೊದಲಿಗೆ 'ನಮ್ಮ ಪ್ರೀತಿಯ ಸಾಹೇಬರಿಗೆ', ಕೊನೆಗೆ 'ಹೋಗಿ ಬನ್ನಿ' ಎಂದು ತಾನೇ ಅಕ್ಷರ ಹಾಕಿ, ಕಣ್ಣು ಮುಚ್ಚಿ 'ಉಳಿಸು' ಒತ್ತಿದ.

ರೆಪ್ಪೆ ಮಿಟುಕಿಸುವುದರೊಳಗೆ ಉಳಿಯಿತು.

"ಇಷ್ಟು ಬೇಗನಾ?"

"ಅದೇ ಲಿನಕ್ಸ್ ಅಂದ್ರೆ!" ಮೀಟರಣ್ಣ ಮೀಸೆ ತಿರುವಿದ. ಅಷ್ಟರಲ್ಲಿ 'ಜಾಗ ಸಾಲದು' ಎಂದು ಪರದೆ ಗೊಣಗಿತು. "ಉಳಿಸಿದ್ದಾಯ್ತಲ್ಲ, ಇನ್ನು ಆ ತುಂಡುಗಳು ಯಾಕೆ? ಅಂಗಿ ಹೊಲಿದ ಮೇಲೆ ಚಿಂದಿ ಇಟ್ಕೊಂಡು ಕೂರ್ತಾರಾ?" ಎಂದ ಮೀಟರಣ್ಣ.

ಬಿಲದಣ್ಣ ಹನ್ನೆರಡನ್ನೂ ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಅವನು ಅಚ್ಚುಕಟ್ಟಿನ ಮನುಷ್ಯ.

ಇಬ್ಬರೂ ಕಂಪ್ಯೂಟರನ್ನು ಹೊತ್ತು ಮೇಲಿನ ಸಭಾಂಗಣಕ್ಕೆ ತಂದು ದೊಡ್ಡ ಪರದೆಗೆ ಸೇರಿಸಿದರು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಪಕ್ಕದಲ್ಲಿ ಚಿಕ್ಕ ಸಾಹೇಬರು. ಬಿಲದಣ್ಣ ಕಿಟಕಿ ಪಕ್ಕದ ಮೇಜನ್ನು ಒಮ್ಮೆ ಸವರಿ ಬಂದು ಗುಂಡಿ ಒತ್ತಿದ.

'ಹನ್ನೆರಡು ಕಡತಗಳು ಸಿಗುತ್ತಿಲ್ಲ. ಹುಡುಕಲೇ?' ಎಂದು ಕೇಳಿತು ಯಂತ್ರ.

ಮೀಟರಣ್ಣ ಬಗ್ಗಿ ಓದಿದ. ಅವನ ಮೀಸೆ ತಾನಾಗಿಯೇ ಇಳಿಯಿತು. "ಲೋ," ಎಂದು ಪಿಸುಗುಟ್ಟಿದ, "ಇದು ಉಳಿಸಿರೋದು ಯಾವುದರ ಹಿಂದೆ ಯಾವುದು ಅನ್ನೋ ಪಟ್ಟಿ ಮಾತ್ರ ಕಣೋ. ವಿಡಿಯೋ ಆಗಬೇಕಾದ್ರೆ ಬೇರೆ ಗುಂಡಿ ಒತ್ತಬೇಕಂತೆ."

ಅಡಿಗೆಯ ಕ್ರಮ ಬರೆದಿಟ್ಟು ತರಕಾರಿಯನ್ನು ತಿಪ್ಪೆಗೆ ಹಾಕಿ ಬಂದಿದ್ದ ಬಿಲದಣ್ಣ. ಕೆಮ್ಮು ಒತ್ತರಿಸಿ ಬಂದು ಗುಂಡಿಯ ಮೇಲೆಯೇ ಕೈಯೂರಿದ. ಚಿತ್ರ ಓಡತೊಡಗಿತು.

'ನಮ್ಮ ಪ್ರೀತಿಯ ಸಾಹೇಬರಿಗೆ' ಎಂದು ಬಂತು. ಆಮೇಲೆ ಕತ್ತಲೆ. ಕತ್ತಲೆ ಮುಗಿದು ಇನ್ನಷ್ಟು ಕತ್ತಲೆ.

"ನಿಲ್ಸೋ, ಕತ್ತೆ!" ಚಿಕ್ಕ ಸಾಹೇಬರು ಹಲ್ಲು ಕಡಿದರು. ದೊಡ್ಡ ಸಾಹೇಬರು ಕೈಯೆತ್ತಿ ತಡೆದರು. ಅವರು ಕೈಯೆತ್ತಿದ ಮೇಲೆ ಅಲ್ಲಾಡುವವರು ಯಾರು? ಇಪ್ಪತ್ತೊಂದು ನಿಮಿಷ ಕಚೇರಿಗೆ ಕಚೇರಿಯೇ ಕತ್ತಲೆ ನೋಡುತ್ತ ಕೂತಿತು. ಬಿಲದಣ್ಣನ ಕೆಮ್ಮೊಂದೇ ಸದ್ದು. ಕೊನೆಗೆ 'ಹೋಗಿ ಬನ್ನಿ' ಎಂದು ಮೂಡಿ ಆರಿತು.

ದೊಡ್ಡ ಸಾಹೇಬರು ಎದ್ದರು. ಅವರ ಕನ್ನಡಕ ಒದ್ದೆಯಾಗಿತ್ತು.

"ಒಬ್ಬರಿಗೂ ಮಾತು ಹೊರಡಲಿಲ್ಲ," ಎಂದರು. "ನಾನು ಹೋದ್ರೆ ನಿಮಗೆಲ್ಲ ಕತ್ತಲೆ ಅಂತ ತೋರಿಸಿಬಿಟ್ರಿ. ಇನ್ನೂ ಮೂರು ವರ್ಷ ಇರ್ತೀರಾ ಅಂತ ಮೇಲಿನವರು ಕಾಗದ ಬರೆದಿದ್ರು. ನಾನು ಯಾರಿಗೆ ಬೇಕು ಅಂತ ಜೇಬಲ್ಲೇ ಇಟ್ಟಿದ್ದೆ. ನೀವು ಹೋಗಿ ಬನ್ನಿ ಅಂದ್ರಲ್ಲಾ... ಹೋಗಿದ್ದಾಯ್ತು ಅನ್ಕೊಳ್ಳಿ. ಬಂದಿದೀನಿ."

ಚಪ್ಪಾಳೆ ಬಿತ್ತು, ಕೈ ನೋಯುತ್ತಿರುವವರ ಚಪ್ಪಾಳೆ. ಚಿಕ್ಕ ಸಾಹೇಬರು ಕುರ್ಚಿಯ ಹಿಡಿಯನ್ನು ಬಿಡಲೇ ಇಲ್ಲ.

"ಇದನ್ನ ಮಾಡಿದವನು ಯಾರು?" ಎಂದು ದೊಡ್ಡ ಸಾಹೇಬರು ಕೇಳಿದರು.

ಹನ್ನೆರಡು ಬೆರಳು ಬಿಲದಣ್ಣನತ್ತ ತಿರುಗಿದವು.

"ನೀನಾ! ಅಂದು ಆಕಳಿಸಿದೋನು!" ದೊಡ್ಡ ಸಾಹೇಬರು ಅವನನ್ನು ತಬ್ಬಿಕೊಂಡರು. "ಇಂಥ ಕೆಲಸಕ್ಕೆ ಏಕಾಂತ ಬೇಕು. ಇವನನ್ನ ಕೆಳಗಿಂದ ಯಾರೂ ಕದಲಿಸಕೂಡದು. ಇನ್ನೊಂದು ಬಲ್ಬು ಹಾಕ್ಸಿ."

ಐದು ಗಂಟೆಗೆ ಬಿಲದಣ್ಣ ಕಂಪ್ಯೂಟರನ್ನು ಒಬ್ಬನೇ ಹೊತ್ತು ನೆಲಮಾಳಿಗೆಗೆ ಇಳಿದ. ಮೀಟರಣ್ಣ ಎತ್ತಲೋ ಮಾಯವಾಗಿದ್ದ. ತಂತಿ ಸಿಕ್ಕಿಸಿ ಪಟ್ಟಿಯನ್ನು ತೆರೆದು, ತಾನು ಹಾಕಿದ್ದ ಎರಡು ಸಾಲು ಅಕ್ಷರವನ್ನೂ ಅಳಿಸಿದ. ಮುಚ್ಚಲು ಹೋದಾಗ ಯಂತ್ರ ಕೇಳಿತು: 'ಬದಲಾವಣೆಗಳನ್ನು ಉಳಿಸಬೇಕೇ?'

"ಉಳಿಸಿದ್ದು ಸಾಕು ತಾಯಿ," ಎಂದು ಕೆಮ್ಮುತ್ತ 'ಬೇಡ' ಒತ್ತಿದ.

ಹಾಗಾಗಿ 'ಹೋಗಿ ಬನ್ನಿ' ಅಲ್ಲೇ ಉಳಿಯಿತು. ಮೇಲೆ ದೊಡ್ಡ ಸಾಹೇಬರ ಕರೆಗಂಟೆ ಮೊಳಗಿತು.