ಹದಿನಾರು ಎಂಎಂ ಲ್ಯಾಪ್‌ಟಾಪು

ಪುಣೆದ ಧನಕವಡಿಯೊಳಗ ನಂದೊಂದು ಲ್ಯಾಪ್‌ಟಾಪ್ ಮಾರೂ ಮತ್ತ ರಿಪೇರಿ ಮಾಡೂ ಅಂಗಡಿ ಅದ. ಸುತ್ತೂಕಡೆ ಕಾಲೇಜು. ಹಿಂಗಾಗಿ ಬೆಳಗಾದ್ರ ಸಾಕು, ಒಂದಿಲ್ಲೊಂದು ತಮಾಷಿ ತಾನಾಗೇ ಬಾಗಲಕ್ಕ ಬಂದು ನಿಂದರ್ತದ. ಕೀಬೋರ್ಡಿಗೆ ಚಹಾ ಕುಡಿಸಿದವ್ರನ್ನ ನೋಡೇನಿ, ಸ್ಕ್ರೀನಿಗೆ ಕೊಬ್ರಿ ಎಣ್ಣಿ ಹಚ್ಚಿ ಒರಸಿದವ್ರನ್ನ ನೋಡೇನಿ. ಆದ್ರ ಒಂದೇ ಮನಿಯವ್ರು ಒಂದೇ ಲ್ಯಾಪ್‌ಟಾಪ್ ಹಿಡಕೊಂಡು ನನ್ನ ಬಾಯಿ ನಾಕು ಸಲ ಮುಚ್ಚಿಸ್ಯಾರ ನೋಡ್ರಿ, ಅಂಥಾ ಮಂದಿ ಮತ್ತ ಸಿಗೂದಿಲ್ಲ.

೧. ಅಳತಿ

ಚಾಕಣದ ಕಾರ್ಖಾನ್ಯಾಗ ಕಾರಿನ ಬಿಡಿಭಾಗ ತಪಾಸಣಿ ಮಾಡೂ ಸಾಹೇಬ್ರು ಒಬ್ರು ಮಗಳನ್ನ ಕರಕೊಂಡು ಬಂದ್ರು. "ದಾದಾ, ಸ್ಲಿಮ್‌ವಾಲಾ ದಾಖವಾ" ಅಂತ, ತೆಳ್ಳಂದು ತೋರಸ್ರಿ ಅಂತ, ಮರಾಠಿಯೊಳಗ ಶುರು ಮಾಡಿದ್ರು. ಅಷ್ಟರಾಗ ನನ್ನ ಫೋನ್ ಹೊಡಕೊಂತು. "ಹೂಂ, ಬದನಿಕಾಯಿ ತರ್ತೀನಿ, ಇಡು" ಅಂತ ಕನ್ನಡದಾಗ ಹೆಂಡ್ತಿಗೆ ಹೇಳಿದ್ದೇ ತಡ, ಸಾಹೇಬ್ರ ಮಾರಿ ಅರಳಿತು.

"ಅಯ್ಯ, ನೀವು ನಮ್ಮ ಕಡೆಯವ್ರೇನ್ರಿ! ಮೊದಲ ಹೇಳಬಾರ್ದೇನು?"

ಮಗಳು ಅನಿಮೇಶನ್ ಕಲೀತಾಳಂತ. ಇದು ಕಡೀ ವರ್ಷ. ಎರಡು ನಿಮಿಷದ ಸಿನಿಮಾ ಒಂದು ತಾನೇ ಮಾಡಿ ಒಪ್ಪಿಸಬೇಕು, ಇಲ್ಲಾಂದ್ರ ವರ್ಷ ಹೋದಂಗ. ಅದಕ್ಕ ಜೋರು ಓಡೂ ಗೇಮಿಂಗ್ ಲ್ಯಾಪ್‌ಟಾಪೇ ಬೇಕು.

"ನೋಡ್ರಿ, ತೆಳ್ಳಗಿರಬೇಕು, ಜೋರು ಓಡಬೇಕು, ತಣ್ಣಗಿರಬೇಕು, ಈ ಮೂರೂ ಒಂದರಾಗ ಸಿಗೂದಿಲ್ರಿ" ಅಂದೆ. "ಈ ದಪ್ಪಂದು ಇಪ್ಪತ್ತಾರು ಎಂಎಂ. ಒಳಗ ಗಾಳಿ ಆಡಲಿಕ್ಕೆ ಜಾಗಾ ಅದ. ಈ ತೆಳ್ಳಂದು ಹದಿನಾರು. ಇದೂ ಅಷ್ಟೇ ಜೋರು. ಆದ್ರ ಲಗೂನ ಬಿಸಿ ಆಗ್ತದ, ಬಿಸಿ ಆದ್ರ ತಾನಾಗೇ ಓಟ ಕಡಿಮಿ ಮಾಡ್ತದ."

ಸಾಹೇಬ್ರು ಕೇಳಿದ್ರ ತಾನೇ! ತೆಳ್ಳಂದನ್ನ ಎರಡೂ ಕೈಯಾಗ ಹಸಗೂಸು ಹಿಡದಂಗ ಹಿಡದಿದ್ರು. ಆಮ್ಯಾಲ ಅಂಗಿ ಕಿಸೆದಾಗಿಂದ ಒಂದು ಉಕ್ಕಿನ ವರ್ನಿಯರ್ ಕ್ಯಾಲಿಪರ್ ತಗದು, ಮೂಲಿ ಮೂಲಿಗೆ ಹಚ್ಚಿ ಅಳದ್ರು. ಅಂಗಡಿಗೆ ಕ್ಯಾಲಿಪರ್ ತಂದ ಗಿರಾಕಿನ್ನ ನಾ ಅವತ್ತೇ ಮೊದಲು ನೋಡಿದ್ದು.

"ನಾಕೂ ಮೂಲ್ಯಾಗ ಹದಿನಾರೇ ಅದ! ಯಾವ ಪುಣ್ಯಾತ್ಮ ಮಾಡ್ಯಾನ್ರಿ ಇದನ್ನ!"

"ಅಪ್ಪಾ, ಬಿಸಿ ಆಗ್ತದಂತ" ಅಂದ್ಲು ಮಗಳು.

"ಇಷ್ಟು ಕರೆಕ್ಟ್ ಮಾಡಿದವ್ರು ಬಿಸಿ ಆಗಾಕ ಬಿಡ್ತಾರೇನವಾ?"

ನನಗೂ ಹಟ ಬಂತು. "ಹಂಗಾರ ಇದರ ಚಾರ್ಜರನ್ನೂ ಅಳೀರಿ" ಅಂತ ಇಟ್ಟಂಗಿಯಂಥಾದ್ದನ್ನ ಮುಂದ ಇಟ್ಟೆ. ಉದ್ದಕ್ಕ ಹಚ್ಚಿದ್ರು. ಕ್ಯಾಲಿಪರಿನ ಬಾಯಿ ಪೂರಾ ತಗದ್ರೂ ಸಾಲಲಿಲ್ಲ. ಸಾಹೇಬ್ರು ಅದನ್ನ ಶಾಂತವಾಗಿ ಕಿಸೆದಾಗ ಇಟಗೊಂಡು, "ಇದು ಮನ್ಯಾಗ ಇರೂದು, ಲೆಕ್ಕಕ್ಕ ಹಿಡೀಬ್ಯಾಡ್ರಿ" ಅಂದ್ರು.

೨. ಅಕ್ಷತಿ

ದಸರಾ ಮುಗದ ಮರುದಿನ ಸಾಹೇಬ್ರು ತಾವು ಒಯ್ದಿದ್ದ ಆ ತೆಳ್ಳಂದನ್ನ ಹಿಡಕೊಂಡು ಮತ್ತ ಬಂದ್ರು. ಈ ಸಲ ಸಂಗಡ ಅವರವ್ವ, ಅಂದ್ರ ಹುಡುಗಿ ಅಜ್ಜಿ.

"ಒಳಗ ಕರಕರ ಅಂತದ್ರಿ."

ಹಿಂದಿನ ಮುಚ್ಚಳ ಬಿಚ್ಚಿದೆ. ಏನ್ ಹೇಳ್ಲಿ! ಉಳ್ಳಾಗಡ್ಡಿ ಸಿಪ್ಪಿಯಂಥ ತೆಳು ರೆಕ್ಕಿಯ ಎರಡು ಫ್ಯಾನು, ಚಪ್ಪಟಿ ಮಾಡಿ ಬಗ್ಗಿಸಿದ ತಾಮ್ರದ ಕೊಳವಿ, ಬೆರಳು ಇಡಾಕೂ ಜಾಗಾ ಬಿಡದಂಗ ತುಂಬಿಸಿದ ಬ್ಯಾಟರಿ. ಇಪ್ಪತ್ತು ವರ್ಷ ಲ್ಯಾಪ್‌ಟಾಪ್ ಬಿಚ್ಚೇನಿ, ಅವತ್ತು ಮಾತ್ರ ಸ್ಕ್ರೂಡ್ರೈವರ್ ಕೆಳಗಿಟ್ಟು ಸುಮ್ನ ನೋಡ್ಕೋತ ಕೂತೆ. ಆ ಚೆಂದದ ನಡುವ ಹಳದಿ ಹಳದಿ ಏನೋ ಕಂಡ್ತು. ಚಿಮಟಿಗಿಲೆ ತಗದೆ. ಅಕ್ಕಿಕಾಳು! ಎಣಿಸಿದ್ರ ಹನ್ನೊಂದು.

"ಆಯುಧಪೂಜಿ ಅಲ್ಲೇನು ತಮ್ಮಾ" ಅಂದ್ಲು ಅಜ್ಜಿ. "ಇದು ಎಲ್ಲಿಂದ ಉಸರಾಡ್ತದ ಅಂತ ಮೊಮ್ಮಗಳನ್ನ ಕೇಳಿದೆ. ಹೊಟ್ಟಿ ಕೆಳಗಿನ ತೂತು ತೋರಿಸಿದ್ಲು. ಅಕ್ಷತಿ ಜೀವ ಇದ್ದಲ್ಲೇ ಹಾಕಬೇಕಲ್ಲ?"

ಕಾಳು ಕಸದ ಡಬ್ಬಿಗೆ ಹಾಕಾಕ ಹೋದ್ರ ತಾಯಿ ಮಗ ಇಬ್ರೂ ಒಮ್ಮೆಲೇ ಚೀರಿದ್ರು. ಕಡೀಕ ಸ್ಕ್ರೂ ಇಡೂ ಸಣ್ಣ ಚೀಲದಾಗ ಹಾಕಿ ಕೊಟ್ಟೆ. ಸಾಹೇಬ್ರು ನನ್ನ ರಿಪೇರಿ ಚೀಟಿ ಎಳಕೊಂಡು, "ತಗದ ಭಾಗ: ಅಕ್ಷತಿ, ಹನ್ನೊಂದು. ಮಾಲಕರಿಗೆ ವಾಪಸ್" ಅಂತ ಬರದು, ಅದರ ಕೆಳಗ ನನ್ನ ಸಹಿ ಹಾಕಿಸಿದ್ರು.

೩. ಮೊಸರು

ಡಿಸೆಂಬರಿನ ಥಂಡಿಯೊಳಗ ಹುಡುಗಿ ಫೋನ್ ಮಾಡಿದ್ಲು. "ಕಾಕಾ, ಭಾಳ ಸ್ಲೋ ಆಗ್ಯದ್ರಿ, ಒಂದ್ಸಲ ಮನಿಗೆ ಬರ್ರಿ." ಹೋದೆ. ಲ್ಯಾಪ್‌ಟಾಪ್ ಮಂಚದ ಮ್ಯಾಲ, ಅಜ್ಜಿ ಹೊಲಿದ ದಪ್ಪ ಕೌದಿಯೊಳಗ ಹುಗದು ಕೂತದ. ಕೆಳಗಿನ ತೂತೆಲ್ಲಾ ಬಂದ್. ಅದರ ಹಿಂದ ಬಿಸಿಗಾಳಿ ಬರೂ ಕಡೆ, ಅರವಿ ಸುತ್ತಿದ ಒಂದು ಸ್ಟೀಲಿನ ಡಬ್ಬಿ.

"ಇದೇನು?"

"ಈ ಥಂಡಿಯಾಗ ಮೊಸರು ಹೆಪ್ಪಾಗವಲ್ದು ತಮ್ಮಾ" ಅಂದ್ಲು ಅಜ್ಜಿ. "ಇಲ್ಲಿಟ್ರ ಚೂರಿಲೆ ಕೊಯ್ಯೂವಂಗ ಆಗ್ತದ ನೋಡು."

ಮುಚ್ಚಳ ತಗದು ತೋರಿಸಿದ್ಲು. ಖರೇನ ಹೇಳ್ತೀನಿ, ಅಂಥಾ ಮೊಸರು ನಾ ಪುಣೆದಾಗ ಕಂಡಿದ್ದಿಲ್ಲ. ರೊಟ್ಟಿ ಸಂಗಡ ಎರಡು ಸಲ ಹಾಕಿಸಿಕೊಂಡೆ. ಆಮ್ಯಾಲ ಗಟ್ಟಿಯಾಗಿ, ಕೌದಿ ಮ್ಯಾಲ ಇಡೂದು ಬಂದ್, ಟೇಬಲ್ ಮ್ಯಾಲೇ ಇಡಬೇಕು ಅಂತ ಹೇಳಿದೆ.

"ನಂದೇನೂ ತಪ್ಪಿಲ್ರಿ ಕಾಕಾ" ಅಂದ್ಲು ಹುಡುಗಿ. "ನಾ ಓದಾಕ ಕೂತ್ರ ಈ ಅಜ್ಜಿ ಬಿಡವಲ್ಲಳು. ಮೊಸರು ಇನ್ನಾ ಆಗಿಲ್ಲ, ಇದರಾಗ ಇನ್ನೊಂದು ಆಟ ಆಡವಾ ಅಂತಾಳ!"

೪. ವಾಟಗ

ಈಗ ಖರೇ ಕಥಿ. ಮೇ ತಿಂಗಳು, ಸಿನಿಮಾ ಒಪ್ಪಿಸೂ ದಿನ. ಸಂಜಿ ಐದರೊಳಗ ಕಳಸಬೇಕು. ಮಧ್ಯಾಹ್ನ ಎರಡಕ್ಕ ಸಾಹೇಬ್ರ ಫೋನ್ ಬಂತು. "ಲಗೂ ಬರ್ರಿ. ಮಗಳು ಅಳಾಕತ್ಯಾಳ."

ಓಡಿದೆ. ಯಂತ್ರ ಒಂದೊಂದೇ ಚಿತ್ರ ತಯಾರ ಮಾಡಿ ಜೋಡಸಲಿಕ್ಕತ್ತಿತ್ತು. ಸ್ಕ್ರೀನಿನ ಮ್ಯಾಲ "ಇನ್ನೂ ಐದು ತಾಸು" ಅಂತ ತೋರಸತಿತ್ತು. ಬಿಸಿಗೆ ಓಟ ಅರ್ಧಕ್ಕ ಇಳದಿತ್ತು. ಸೆಟ್ಟಿಂಗ್ ತಿರುವಿದೆ, ಟೇಬಲ್ ಫ್ಯಾನ್ ಹಚ್ಚಿದೆ, ಏನೂ ಆಗಲಿಲ್ಲ. ಹುಡುಗಿಯ ಒಂದು ವರ್ಷ ನನ್ನ ಕಣ್ಣಮುಂದ ಹೋಗಾಕತ್ತಿತ್ತು.

ಅಜ್ಜಿ ಮೆಲ್ಲಕ ಬಂದು ಲ್ಯಾಪ್‌ಟಾಪಿನ ಕೆಳಗ ಬೆರಳು ತುರುಕಾಕ ನೋಡಿದ್ಲು. ಹೋಗಲಿಲ್ಲ.

"ಅಯ್ಯ, ಹೊಟ್ಟಿ ಟೇಬಲ್ಲಿಗೆ ಹತ್ಯದಲ್ಲೋ! ಅದು ಉಸರಾಡೂದರ ಹೆಂಗ?"

ಅಡಗಿಮನಿಗೆ ಹೋಗಿ ಸ್ಟೀಲಿನ ಮೂರು ಸಣ್ಣ ಬಟ್ಟಲಾ, ನಮ್ಮ ಕಡೆ ವಾಟಗ ಅಂತೀವಲ್ಲ, ಅವನ್ನ ತಂದ್ಲು. ಬೋರಲ ಹಾಕಿ, ತೂತು ಮುಚ್ಚದಂಗ ನೋಡಿ, ಮ್ಯಾಲ ಲ್ಯಾಪ್‌ಟಾಪ್ ಇಟ್ಲು. "ಮೂರು ಕಲ್ಲಿನ ಒಲಿ ಅಲಗಾಡೂದಿಲ್ಲ" ಅಂತ ಹೇಳಿ, ಬೀಸಣಿಕಿ ಹಿಡದು ಕೆಳಗ ಗಾಳಿ ಹಾಕ್ಕೋತ ಕೂತ್ಲು.

"ಮೂರು ಪಾಯಿಂಟ್!" ಅಂತ ಸಾಹೇಬ್ರು ಬೆರಗಾಗಿ ನಿಂತ್ರು. "ಅವ್ವಾ, ಇದು ನಮ್ಮ ಕಾರ್ಖಾನಿ ಲೆಕ್ಕ! ನಾವೂ ಭಾಗ ಅಳಿಯಾಕ ಮೂರರ ಮ್ಯಾಲೇ ಇಡೂದು!"

ಹತ್ತು ನಿಮಿಷದಾಗ ಐದು ತಾಸು ಮೂರೂವರಿ ಆತು. ಆಮ್ಯಾಲ ಎರಡು. ನಾ ದಿನಾ ಗಿರಾಕಿಗಳಿಗೆ ಬಾಯಿಪಾಠ ಹೇಳೂ ಮಾತದು, ಎತ್ತರಕ್ಕ ಇಡ್ರಿ, ಕೆಳಗ ಗಾಳಿ ಆಡಲಿ ಅಂತ. ಹೊತ್ತಿಗೆ ನನಗೇ ನೆನಪಾಗಲಿಲ್ಲ, ಅಜ್ಜಿಗೆ ಆತು. ಕೈ ಮುಗದೆ. ಐದಕ್ಕ ಹತ್ತು ನಿಮಿಷ ಇರೂವಾಗ ಸಿನಿಮಾ ಕಾಲೇಜಿಗೆ ಮುಟ್ಟಿತು. ಹುಡುಗಿ ಅಜ್ಜಿಗೆ ಜೋತುಬಿದ್ದು ಮತ್ತ ಅತ್ಲು, ಈ ಸಲ ನಕ್ಕೋತ.

ಎಲ್ಲಾರೂ ತಣ್ಣಗಾದ ಮ್ಯಾಲ ಸಾಹೇಬ್ರ ಕೈ ತಾನಾಗೇ ಕಿಸೆಗೆ ಹೋತು. ಟೇಬಲ್ಲಿನಿಂದ ಲ್ಯಾಪ್‌ಟಾಪಿನ ಮ್ಯಾಲತನಕ, ವಾಟಗಾನೂ ಸೇರಿಸಿ, ಅಳದ್ರು.

"ಐವತ್ತೊಂದು" ಅಂದ್ರು. ಕ್ಯಾಲಿಪರ್ ಹಿಡಕೊಂಡೇ ನನ್ನ ಕಡೆ ತಿರುಗಿದ್ರು. "ನಿಮ್ಮ ಆ ದಪ್ಪಂದು ಎಷ್ಟು ಎಂಎಂ ಅಂದಿದ್ರಿ?"

"ಇಪ್ಪತ್ತಾರ್ರಿ."

ಅಜ್ಜಿ ಬೀಸಣಿಕಿ ಕೆಳಗಿಟ್ಟು ಎದ್ಲು.

"ಅಳದದ್ದು ಆತಿಲ್ಲೋ? ಹಂಗಾರ ನಿನ್ನ ಹದಿನಾರು ನೀ ತಗೋ, ನನ್ನ ವಾಟಗ ನನಗ ಕೊಡು. ಪಾಯಸಾ ಹಾಕಬೇಕು."