ರೋಮಿನ ನಾಯಕ ಸೊರಬಕ್ಕೆ ಬಂದದ್ದು

ದೊಡ್ಡ ಕಾವ್ಯದ ಪ್ರಭಾವ ಬೇರೆಯವರ ಮೇಲಾದರೆ ಇನ್ನೊಂದು ಕಾವ್ಯ ಹುಟ್ಟುತ್ತದೆ, ನನ್ನ ಮೇಲಾದರೆ ಫಜೀತಿ ಹುಟ್ಟುತ್ತದೆ. ಹೊಸ ಮೈಸೂರು ರಾಜ್ಯವಾಗಿ ಒಂದೆರಡು ವರ್ಷ ಕಳೆದಿತ್ತು. ಶಿಕಾರಿಪುರದಲ್ಲಿ ಮೇಷ್ಟ್ರಾಗಿದ್ದ ನಾನು ಪ್ರಾಚೀನ ರೋಮಿನ ಮಹಾಕಾವ್ಯವೊಂದರ ಹುಚ್ಚು ಹಿಡಿಸಿಕೊಂಡಿದ್ದೆ. ಉರಿಯುವ ಊರಿನಿಂದ ನಾಯಕ ಮುದಿ ತಂದೆಯನ್ನು ಹೊತ್ತು, ಮಗುವಿನ ಕೈ ಹಿಡಿದು ಪಾರಾಗುತ್ತಾನೆ. ಹಡಗೇರಿ ಹೋಗಿ ಹೊಸ ನೆಲೆ ಕಾಣುತ್ತಾನೆ. ಮುಂದಿನ ಕವಿಗಳೆಲ್ಲ ಅದರಿಂದ ಚಿಟಿಕೆ ಚಿಟಿಕೆ ಎತ್ತಿಕೊಂಡರಂತೆ. ನಾನು ಸೇರುಗಟ್ಟಲೆ ಎತ್ತಿಕೊಂಡು, ಸಮುದ್ರದ ಗಾಳಿಯೂ ಸೋಕದ ನಮ್ಮ ತಾಲೂಕಿನ ಬಂದಳಿಕೆ ಎಂಬ ಹಳೇ ಊರನ್ನು ಕಟ್ಟಿದವನ ಮೇಲೆ ಷಟ್ಪದಿಯಲ್ಲಿ ಕಾವ್ಯ ಬರೆದೆ. ಸೊರಬದ ಸಾಹಿತ್ಯ ಸಂಘದವರು, "ಬಂದು ಓದಿ, ಸಭೆ ಮೆಚ್ಚಿದರೆ ಅಚ್ಚು ಹಾಕಿಸುತ್ತೇವೆ" ಎಂದರು. ನನಗೆ ನಿದ್ದೆಯೇ ಹಾರಿಹೋಯಿತು.

೧. ಹಡಗಿನ ತಕರಾರು

ಮೊದಲು ನಮ್ಮ ಓಣಿಯಲ್ಲಿದ್ದ, ಜಮೀನಿನ ಲೆಕ್ಕ ಬರೆಯುವ ಶಾನುಭೋಗರಿಗೆ ಓದಿದೆ.

"ಹಡಗು ಬಂದಳಿಕೆ ತನಕ ಹ್ಯಾಂಗ ಬಂತ್ರೀ?"

"ಕಾವ್ಯ ಸ್ವಾಮಿ, ಬರುತ್ತೆ."

"ಬರ್ಲಿ. ಊರು ಕಟ್ಟಿದ ಜಾಗ ಯಾರದೋ ಪಟ್ಟಾದ್ದೋ, ಸರ್ಕಾರಿ ಖರಾಬೋ?"

"ದೇವರು ತೋರಿಸಿದ ಜಾಗ."

"ದೇವರು ತೋರಿಸಿದ್ರೂ ಸರ್ವೆ ನಂಬರ್ ಬೇಕಲ್ರೀ!"

ಹಡಗು ತೆಗೆದು ಎತ್ತಿನ ಗಾಡಿ ಹಾಕಿದೆ. ಸರ್ವೆ ನಂಬರ್ ಮಾತ್ರ ಷಟ್ಪದಿಗೆ ಒಗ್ಗಲಿಲ್ಲ.

೨. ಅಡುಗೆಮನೆಯ ವಿಮರ್ಶೆ

ಸೊಪ್ಪು ಸೋಸುತ್ತಲೇ ಕಾವ್ಯ ಕೇಳಿದ ನನ್ನ ಹೆಂಡತಿ ಅಂದಳು, "ಅಪ್ಪನ್ನ ಹೊತ್ಕೊಂಡ, ಮಗೂನ ಹಿಡ್ಕೊಂಡ. ಹೆಂಡ್ತಿ ಎಲ್ಲಿ?"

"ಹಿಂದೆ ಬರ್ತಾ ಇದ್ದಳು. ಕಳೆದುಹೋದಳು."

"ಇವ್ನು ತಿರುಗಿ ನೋಡ್ಲಿಲ್ವಾ?"

"ಊರಾಚೆ ಬಂದ ಮೇಲೆ ನೋಡಿದ. ರೋಮಿನ ಕವಿ ಹಾಗೇ ಬರೆದಿದ್ದಾನೆ. ಬದಲಾಯಿಸೋಕೆ ಬರಲ್ಲ."

"ಬರಲ್ವಾ? ಸರಿ" ಎಂದಳು. ಅವಳು "ಸರಿ" ಎಂದರೆ ಏನೂ ಸರಿಯಿಲ್ಲ ಎಂದು ಅರ್ಥ.

೩. ಸಭೆಯ ದಿನ

ಸೊರಬ ಅವಳ ತವರು, ಹಾಗಾಗಿ ನನ್ನ ಅಪ್ಪಯ್ಯ, ಪುಟ್ಟ ಮಗಳು, ನಾವಿಬ್ಬರು, ಎಲ್ಲರೂ ಹೊರಟೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊರಬದಲ್ಲಿ ಮಂಡಿನೋವಿನ ಅಪ್ಪಯ್ಯನನ್ನು ಬೆನ್ನ ಮೇಲೆ ಹೊತ್ತು, ಮಗಳ ಕೈ ಹಿಡಿದು ಇಳಿದೆ. ಬಾಯಲ್ಲಿ ಷಟ್ಪದಿ ಗುನುಗುತ್ತ ಸಭೆಗೆ ನಡೆದೆ.

ಅಧ್ಯಕ್ಷರು ಕೇಳಿದರು, "ಕಾವ್ಯ ಎಲ್ಲಿ ಮೇಷ್ಟ್ರೇ?"

"ನಮ್ಮ ಮನೆಯವಳ ಚೀಲದಲ್ಲಿದೆ."

"ಮನೆಯವರೆಲ್ಲಿ?"

ತಿರುಗಿ ನೋಡಿದೆ. ಯಾರೂ ಇಲ್ಲ! ಬಸ್ಸು ನಿಂತಿದ್ದಲ್ಲಿಗೆ ಓಡಿಹೋಗಿ ನೋಡಿದರೆ, ನೂಕುನುಗ್ಗಲಲ್ಲಿ ಇಳಿಯಲಾಗದ ಅವಳ ಸಮೇತ ಅದು ಸಿದ್ದಾಪುರದ ಕಡೆ ಹೋಗಿಯಾಗಿತ್ತು. ನಿಜ ಹೇಳುತ್ತೇನೆ, ನನಗೆ ಅಳು ಬಂತು. ಸಭೆಗೆ ಮರಳಿದಾಗ ಅಪ್ಪಯ್ಯ ಮಾತ್ರ, "ನನ್ನನ್ನ ಚೆನ್ನಾಗಿ ಹೊತ್ಯಪ್ಪ" ಎಂದರು.

ಒಂದು ಗಂಟೆಯ ಮೇಲೆ ಹೆಂಡತಿ ಯಾರದೋ ಎತ್ತಿನ ಗಾಡಿಯಲ್ಲಿ ಬಂದು ಇಳಿದಳು. ಜನರ ನಡುವೆ ನೆಟ್ಟಗೆ ವೇದಿಕೆಗೇ ಬಂದಳು. ನಾನು ಚೀಲಕ್ಕೆ ಕೈ ಚಾಚಿದೆ. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದ್ಲು ನಿಮ್ಮ ನಾಯಕನಿಗೆ ಆಯಮ್ಮ ಸಿಕ್ಕಿದ್ಲು ಅಂತ ಬರೀರಿ. ಆಮೇಲೆ ಕೊಡ್ತೀನಿ."

ಅಧ್ಯಕ್ಷರು ತಮ್ಮ ಪೆನ್ನು ತೆಗೆದು ನನಗೆ ಕೊಟ್ಟರು.