ಅತ್ತೆಯ ಖಾಲಿ ಬಿಲ್ಲೆ

ನಮ್ಮ ಸೋದರತ್ತೆ ಯಾರಿಗೂ ಪೂರ್ತಿ ಉಪಕಾರ ಮಾಡಿದವಳಲ್ಲ. ಮಾಡಿದರೆ ಅರ್ಧ! ಇದು ಚಾಡಿಯಲ್ಲ, ನನ್ನ ಹಣೆಯೇ ಸಾಕ್ಷಿ. ತಲೆನೋವೆಂದು ಹೋದರೆ ಬಲಗಡೆಗೆ ಮಾತ್ರ ಬಾಮು ಸವರಿ ಡಬ್ಬಿ ಮುಚ್ಚಿಬಿಡುತ್ತಿದ್ದಳು.

"ಅತ್ತಿ, ಎಡಗಡೀನೂ ನೋಯಾಕತ್ತದ!"

"ನೋಯಲಿ. ಎರಡೂ ಕಡಿ ಹಚ್ಚಿದ್ರ ಬಾಮಿನಿಂದ ಹೋತೋ, ತಾನೇ ಹೋತೋ, ಹ್ಯಾಂಗ ತಿಳೀಬೇಕು?"

ತಿಳಿದು ಆಗಬೇಕಾದದ್ದೇನು? ಹಾಗೆ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು!

ಅತ್ತೆ ಚಿತ್ತಾಪುರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಾಳೆ. ಪಾಠ ಮುಗಿದ ಮೇಲೆ ಎಲೆ, ಬೇರು, ನೀರಿನ ಪಾಚಿ ಇವುಗಳ ಸಾರ ತೆಗೆದು, ಅದು ರೋಗಾಣುವನ್ನು ಕೊಲ್ಲುತ್ತದೆಯೇ ಎಂದು ನೋಡುವುದು ಅವಳ ಹುಚ್ಚು. ಗಾಜಿನ ತಟ್ಟೆಯಲ್ಲಿ ಜೆಲ್ಲಿ ಹೊಯ್ದು, ಮೇಲೆ ರೋಗಾಣು ಹರಡಿ, ಸಾರದಲ್ಲಿ ಅದ್ದಿ ಒಣಗಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾಳೆ. ಸಾರದಲ್ಲಿ ಸತ್ವವಿದ್ದರೆ ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಉಂಗುರ ಮೂಡುತ್ತದೆ. ಆದರೆ ಪ್ರತಿ ತಟ್ಟೆಯಲ್ಲೂ ಒಂದು ಬಿಲ್ಲೆಗೆ ಸಾರವಿಲ್ಲ. ಸಾರ ತೆಗೆಯಲು ಬಳಸಿದ ಸ್ಪಿರಿಟ್ಟಿನಲ್ಲಷ್ಟೇ ಅದ್ದಿ ಒಣಗಿಸಿದ್ದು. ಅದು ಖಾಲಿ ಬಿಲ್ಲೆ. ಅದರ ಸುತ್ತಲೂ ಉಂಗುರ ಬಂತೋ, ಕೊಂದದ್ದು ಸ್ಪಿರಿಟ್ಟು, ಸಾರವಲ್ಲ. ಇಡೀ ತಟ್ಟೆ ಕಸದ ಬುಟ್ಟಿಗೆ!

ಇದು ಕಾಲೇಜಿನಲ್ಲೇ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು! ಅತ್ತೆ ಅದನ್ನು ಮನೆಗೂ ತಂದಳು. ಎರಡು ಕರಿಬೇವಿನ ಗಿಡಗಳಲ್ಲಿ ಒಂದಕ್ಕೆ ಮಜ್ಜಿಗೆ, ಇನ್ನೊಂದಕ್ಕೆ ಬರೀ ನೀರು. ಚಂದ್ರಂಪಳ್ಳಿ ಡ್ಯಾಮಿಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋದರೆ ಅವಳು ಪಾಚಿ ತುಂಬಲು ಬಾಟಲಿ ಕಟ್ಟಿಕೊಂಡು ಬಂದಳು. ಒಮ್ಮೆ ಶಹಾಬಾದಿನ ಹಳೆಯ ಕಲ್ಲಿನ ಖಣಿಯಲ್ಲಿ, ನಿಂತ ನೀರಿನ ಅಂಚಿಗೆ ಕುಕ್ಕರುಗಾಲಿನಲ್ಲಿ ಕೂತು ಹಸಿರು ಲೋಳೆ ಕೆರೆಯುತ್ತಿದ್ದಾಗ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಗಾಬರಿಯಾದಳು.

"ಪಾಚಿ ಯಾಕ್ರೀ ಬಾಯಾರ?"

"ಇದ್ರಾಗ ಔಷಧ ಅದೇನು ಅಂತ ನೋಡ್ಲಿಕತ್ತೀನ್ರಿ."

"ಹಂಗಂದ್ರ ನಮ್ಮನಿಗೆ ಬರ್ರಿ! ನೀರಿನ ಟಾಕ್ಯಾಗ ಭಾಳ ಔಷಧ ಅದ, ತಿಕ್ಕೊಂಡು ಒಯ್ಯಿರಿ!"

ಅತ್ತೆ ನಿಜವಾಗಿಯೂ ಹೋಗಿ ತಿಕ್ಕಿದಳು. ಅರ್ಧ ಟಾಕಿ.

ಇಂಥವಳ ಜೊತೆ ಬಾಳಿದವರು ಅವಳ ಗಂಡ, ನಮ್ಮ ಮಾಮ. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ಹಳಿಗುಂಟ ಜಲ್ಲಿಕಲ್ಲಿನ ಮೇಲೆ ನಡೆದೇ ನಿವೃತ್ತರಾದವರು. ಒಂದು ರಜೆಯ ದಿನ ಅತ್ತೆ ಆ ಜೆಲ್ಲಿಗೆಂದು ಚೀನಾ ಗ್ರಾಸ್ ಕುದಿಸಿ ಎರಡು ತಟ್ಟೆಗೆ ಹೊಯ್ದು ಫ್ರಿಜ್ಜಿನಲ್ಲಿಟ್ಟಿದ್ದಳು. ರೋಗಾಣು ಹಾಕಿರಲಿಲ್ಲ, ಪುಣ್ಯ! ಮಾಮ ಮಿಠಾಯಿಯೆಂದು ಒಂದು ತಟ್ಟೆ ಖಾಲಿ ಮಾಡಿ, "ಸಕ್ಕರಿ ಹಾಕೋದು ಮರ್ತೀಯಲ್ಲ" ಅಂದರು.

"ನಿಮಗ ಶುಗರ್ ಅದ, ಸಕ್ಕರಿ ಯಾಕ ಬೇಕು? ಇನ್ನೊಂದು ತಟ್ಟಿ ಮುಟ್ಟಿಲ್ಲ ಹೌದಿಲ್ಲೋ?"

ಮಾಮನ ಹಿಮ್ಮಡಿಗಳು ಒಡೆದಿದ್ದವು. ಅತ್ತೆ ಬೇವಿನೆಲೆ, ಎಣ್ಣೆ, ಮೇಣ ಕಾಯಿಸಿ ಮುಲಾಮು ಮಾಡಿದಳು. ದಿನವೂ ಸಂಜೆ ಬಲಗಾಲಿಗೆ ಹಚ್ಚುವುದು, ಎಡಗಾಲು ಖಾಲಿ! "ನನ್ನ ಬಲಗಾಲು ಸಾಹೇಬ, ಎಡಗಾಲು ಕೂಲಿ" ಎಂದು ಮಾಮ ಓಣಿಗೆಲ್ಲ ಹೇಳಿ ನಗುತ್ತಿದ್ದರು. ನಾವೂ ನಕ್ಕೆವು. ಈಗ ಆ ಮಾತು ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಹುಣ್ಣಾದದ್ದು ಎಡ ಹಿಮ್ಮಡಿಯ ಬಿರುಕಿನಲ್ಲಿ. ಶುಗರಿನಿಂದ ಕಾಲು ಜಡವಾಗಿತ್ತು, ಮಾಮನಿಗೆ ನೋವೇ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಕೀವು ಒಳಗೆ ಇಳಿದಿತ್ತು, ಕಲಬುರಗಿಯ ದವಾಖಾನೆಯ ಯಾವ ಔಷಧಕ್ಕೂ ಜಗ್ಗಲಿಲ್ಲ. ಕಾಲು ತೆಗೆಯಬೇಕಾಗಬಹುದು ಎಂದರು ಡಾಕ್ಟರು.

ಅತ್ತೆ ಕಾಲೇಜಿಗೆ ಓಡಿದಳು. ತಟ್ಟೆಯ ಮೇಲಿನ ಉಂಗುರ ಮನುಷ್ಯರ ಔಷಧವಾಗಲು ಎಷ್ಟು ವರ್ಷ ಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕೀವು ಮಾಡುವ ಜಾತಿಯ ರೋಗಾಣು ಹರಡಿ, ಶಹಾಬಾದಿನ ಪಾಚಿಯ ಸಾರ ಇಟ್ಟಳು. ಮರುದಿನ ನಾನೂ ಜೊತೆಗಿದ್ದೆ. ತಟ್ಟೆಯಲ್ಲಿ ದೊಡ್ಡ ಉಂಗುರ!

"ಅತ್ತಿ, ಗೆದ್ದಿ ನೀ!" ಎಂದು ಕುಣಿದೆ.

ಅತ್ತೆ ತಟ್ಟೆಯ ಇನ್ನೊಂದು ಕಡೆ ಬೆರಳಿಟ್ಟಳು. ಖಾಲಿ ಬಿಲ್ಲೆಯ ಸುತ್ತಲೂ ಅಷ್ಟೇ ದೊಡ್ಡ ಉಂಗುರ. ಅವಸರದಲ್ಲಿ ಬಿಲ್ಲೆಗಳನ್ನು ಪೂರ್ತಿ ಒಣಗಿಸಿರಲಿಲ್ಲ. "ಸ್ಪಿರಿಟ್ಟು" ಎಂದಷ್ಟೇ ಹೇಳಿ, ತಟ್ಟೆಯನ್ನು ಮುಚ್ಚಿ ಬದಿಗಿಟ್ಟಳು.

ಮಾಮನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಮುಲಾಮಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಒಂದು ಜೋಡಿ ಕಾಲು ನೋಡಿ ಏನನ್ನೂ ತೀರ್ಮಾನಿಸಬಾರದು ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳಿದವಳೂ ಅತ್ತೆಯೇ. ಪಶ್ಚಾತ್ತಾಪ ಪಾಠ ಕೇಳುತ್ತದೆಯೇ? "ಅದಕ್ಕೂ ಹಚ್ಚಿದ್ರ ಏನಾಗ್ತಿತ್ತು, ದಿನಾ ಮುಟ್ಟಿದ್ರ ಗಾಯ ಮೊದಲೇ ಕಾಣ್ತಿತ್ತಲ್ಲ" ಎಂದು ಒಲೆಯ ಮುಂದೆ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು.

ಕಳೆದ ವಾರ ಸಂಜೆ ಹೋದಾಗ ಅಂಗಳದಲ್ಲಿ ಅತ್ತೆ ಮಾಮನ ಬಲಗಾಲಿಗೆ ಮುಲಾಮು ಹಚ್ಚುತ್ತಿದ್ದಳು. ಬೆರಳ ಸಂದಿಗಳನ್ನೆಲ್ಲ ಬಿಡಿಸಿ ಬಿಡಿಸಿ ನೋಡುತ್ತಿದ್ದಳು.

"ಈಗ ಹೋಲಿಸ್ಲಿಕ್ಕ ಏನದ ನಿಂಗ?" ಮಾಮ ಚೇಷ್ಟೆಗೆ ಕೇಳಿದರು.

ಅತ್ತೆಯ ಕೈ ನಿಂತಿತು. ದವಾಖಾನೆಯಲ್ಲೂ ಅಳದಿದ್ದವಳು ಅಳತೊಡಗಿದಳು. ಮಾಮ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, "ಕಾಲು ಚಾಚು" ಅಂದರು. ಆಗ ನೋಡಿದೆ: ಅತ್ತೆಯ ಹಿಮ್ಮಡಿಗಳೂ ಒಡೆದಿದ್ದವು, ಎರಡೂ.

"ಅಯ್ಯ, ನೀವು ನನ್ನ ಕಾಲು ಮುಟ್ಟಬ್ಯಾಡ್ರಿ! ಪಾಪ ಬರ್ತದ."

ಮಾಮ ಆಗಲೇ ಒಂದು ಹಿಮ್ಮಡಿಗೆ ಹಚ್ಚಿ ಮುಗಿಸಿದ್ದರು. ಇನ್ನೊಂದರ ಮುಂದೆ ಬೆರಳು ತಡೆದು ಕೇಳಿದರು:

"ಇದು ಖಾಲಿ ಬಿಡ್ಲೇನು?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಕಾಲನ್ನೂ ಮುಂದೆ ಚಾಚಿದಳು.

"ಬ್ಯಾಡ್ರಿ. ಎರಡಕ್ಕೂ ಹಚ್ರಿ."